ಉರಿಯೂತವೋ, ಏಡಿಗಂತಿಯೋ?

ದೇವದುರ್ಗ ತಾಲ್ಲೂಕಿನ ನಮ್ಮ ಜಾಲಹಳ್ಳಿಯಂಥ ಊರುಗಳಲ್ಲಿ, ಐವತ್ತು ದಾಟಿದ ಗಂಡಸರು ರಾತ್ರಿ ನಾಲ್ಕು ಸಲ ಮೂತ್ರಕ್ಕೆದ್ದರೂ ವಯಸ್ಸಿನ ಮೇಲೆ ಭಾರ ಹಾಕಿ ಸುಮ್ಮನಾಗುವುದುಂಟು. ಹೇಳಲು ಸಂಕೋಚ, ಕೇಳಲು ಭಯ.

ಮೂತ್ರಕೋಶದ ಕೆಳಗೆ ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಪ್ರಾಸ್ಟೇಟ್ ಗ್ರಂಥಿಯಿದೆ. ಅದಕ್ಕೆ ಉರಿಯೂತ ಬಂದರೂ, ವಯಸ್ಸಿನಿಂದ ಅದು ಬೆಳೆದರೂ, ಏಡಿಗಂತಿ ಎಂದರೆ ಕ್ಯಾನ್ಸರ್ ಹುಟ್ಟಿದರೂ ರಕ್ತದಲ್ಲಿ ಪಿಎಸ್‌ಎ ಎಂಬ ಅಂಶ ಏರಬಹುದು. ಆದುದರಿಂದ ಆ ಒಂದು ಅಂಕಿಯನ್ನು ಕಂಡೇ ಎದೆಗುಂದಬೇಡಿ. ಸೋಂಕಿದ್ದರೆ ವೈದ್ಯರು ಮೊದಲು ಅದನ್ನು ಗುಣಪಡಿಸಿ, ಕೆಲವು ವಾರಗಳ ತರುವಾಯ ಮತ್ತೆ ಅಳೆಯುತ್ತಾರೆ.

ಆಗಲೂ ಸಂಶಯ ಉಳಿದರೆ ಎಂಆರ್‌ಐ. ಕಾಂತಶಕ್ತಿಯಿಂದ ಒಳಗಿನ ಚಿತ್ರ ತೆಗೆದು, 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಶಾಲೆಯ ಅಂಕದಂತಲ್ಲ ಇದು. ಹೆಚ್ಚಿದಷ್ಟೂ ಸಂಶಯ ಹೆಚ್ಚು. ಆದರೆ ಕೆಲವು ಉರಿಯೂತಗಳು, ಕ್ಷಯದಿಂದ ಬಂದವೂ ಸಹ, ಚಿತ್ರದಲ್ಲಿ ಕ್ಯಾನ್ಸರಿನಂತೆಯೇ ತೋರುತ್ತವೆ. ‘ಅರಿ’ ಎಂದರೆ ತಿಳಿ ಎಂದೂ ಆದೀತು, ವೈರಿ ಎಂದೂ ಆದೀತು. ವಾಕ್ಯವನ್ನು ಓದಿದ ಮೇಲೆಯೇ ನಿಶ್ಚಯ. ಇಲ್ಲಿ ವಾಕ್ಯವನ್ನು ಓದಿಸುವುದು ಬಯಾಪ್ಸಿ. ಸೂಜಿಯಿಂದ ಗ್ರಂಥಿಯ ಸಣ್ಣ ಎಳೆಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತುಸು ರಕ್ತ ಕಾಣಬಹುದು, ಕೆಲವರಿಗೆ ಸೋಂಕೂ ತಗಲಬಹುದು. ಜ್ವರ ಬಂದರೆ ತಡಮಾಡದೆ ತಿಳಿಸಬೇಕು. ಸೂಜಿಯೂ ಒಮ್ಮೊಮ್ಮೆ ಗುರಿ ತಪ್ಪುವುದರಿಂದ, ಏನೂ ಇಲ್ಲವೆಂದು ಬಂದರೂ ವೈದ್ಯರು ಹೇಳಿದಾಗ ಮತ್ತೆ ತೋರಿಸಿಕೊಳ್ಳಿ.

ಮನೆಯ ತಾಯಂದಿರೇ, ಹಿರಿಯರು ನಾಚಿಕೊಂಡರೆ ನೀವಾದರೂ ಕೇಳಿ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ; ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಹೆಸರು ತಿಳಿಯದ ರೋಗಕ್ಕೆ ಹೆದರಿ ಕೂರುವುದಕ್ಕಿಂತ, ಹೆಸರು ತಿಳಿದು ಮದ್ದು ಹುಡುಕುವುದು ಲೇಸು.