ಕೊನೆಯ ನಂಬರಿಗೂ ಸರದಿ ಬರಲಿ
(ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಜಾವಾ ಕಲಿಯಲು ಕುಳಿತಾಗ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ನನ್ನ ತರಗತಿಯಲ್ಲಿ 40 ಮಕ್ಕಳು. ಕೈ ಎತ್ತುವವರಿಗೇ ಪ್ರತಿ ಸಲ ಅವಕಾಶ ಹೋಗಬಾರದು, 1ರಿಂದ 40ರೊಳಗಿನ ಒಂದು ಹಾಜರಿ ನಂಬರನ್ನು ಕಂಪ್ಯೂಟರೇ ಆರಿಸಲಿ ಎಂಬುದು ನನ್ನ ಆಸೆ.

ಜಾವಾದಲ್ಲಿ ಮ್ಯಾಥ್.ರ‍್ಯಾಂಡಮ್() ಎಂದು ಬರೆದರೆ 0ಯಿಂದ ಆರಂಭವಾಗಿ 1ನ್ನು ಎಂದೂ ಮುಟ್ಟದ ಒಂದು ದಶಮಾಂಶ ಸಂಖ್ಯೆ ಸಿಗುತ್ತದೆ. ಅದನ್ನು 40ರಿಂದ ಗುಣಿಸಿ, (ಇಂಟ್) ಹಾಕಿ ದಶಮಾಂಶದ ಭಾಗ ಕತ್ತರಿಸಿದೆ. ನಂಬರುಗಳು ಬಂದವು. ಒಮ್ಮೊಮ್ಮೆ 0 ಬಂದರೆ ನಕ್ಕು ಮತ್ತೆ ಒತ್ತುತ್ತಿದ್ದೆ. ಕೆಲವು ವಾರಗಳ ನಂತರ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸರ್, ನನ್ನ ನಂಬರ್ ಯಾವಾಗ ಬರುತ್ತೆ?" ಎಂದಳು. ಅವಳ ನಂಬರ್ 40.

ಅದು ಬರುವ ಹಾಗೆಯೇ ಇರಲಿಲ್ಲ! 0.999ನ್ನು 40ರಿಂದ ಗುಣಿಸಿದರೆ 39.96, ಕತ್ತರಿಸಿದರೆ 39. ನನ್ನ ಪ್ರೋಗ್ರಾಂ 0ಯಿಂದ 39ರವರೆಗೆ ಮಾತ್ರ ಕರೆಯುತ್ತಿತ್ತು. ಇಲ್ಲದ ಮಗುವಿಗೆ ಸರದಿ ಕೊಟ್ಟು, ಇರುವ ಮಗುವನ್ನು ಬಿಟ್ಟಿದ್ದೆ. ಸರಿಯಾದದ್ದು ಇದು:

(ಇಂಟ್)(ಮ್ಯಾಥ್.ರ‍್ಯಾಂಡಮ್() * 40) + 1

ಇಲ್ಲಿ ಎರಡನೆಯ ಜೋಡಿ ಬ್ರಾಕೆಟ್ ಮರೆತರೆ ಗುಣಿಸುವ ಮೊದಲೇ ಕತ್ತರಿಸಿ 0 ಆಗುತ್ತದೆ. ಆಗ ಪ್ರತಿ ಸಲವೂ 1ನೇ ನಂಬರಿಗೇ ಪ್ರಶ್ನೆ! ಉರ್ದುವಿನಲ್ಲಿ ಒಂದು ನುಕ್ತಾ ತಪ್ಪಿದರೆ ಪದವೇ ಬೇರೆ. ಕನ್ನಡದಲ್ಲಿ ಒಂದು ಒತ್ತು ಹೆಚ್ಚಾದರೆ ಕತೆ ಕತ್ತೆಯಾಗುತ್ತದೆ. ಜಾವಾ ಕೂಡ ಅಂಥದೇ ಭಾಷೆ.

ಸೂತ್ರವನ್ನು ಬಾಯಿಪಾಠ ಮಾಡಬೇಡಿ, ಮೊದಲು ಎಣಿಸಿ. 50ರಿಂದ 100ರವರೆಗೆ ಎಷ್ಟು ಸಂಖ್ಯೆಗಳು? 50 ಅಲ್ಲ, 51. ಕೊನೆಯದರಿಂದ ಮೊದಲನೆಯದನ್ನು ಕಳೆದು 1 ಕೂಡಿಸಬೇಕು. ಆ 51ರಿಂದ ಗುಣಿಸಿ, ಕತ್ತರಿಸಿ, 50 ಕೂಡಿಸಿ. 2021ರಲ್ಲಿ ಬಂದ ಜಾವಾ 17ರಿಂದ ರ‍್ಯಾಂಡಮ್ ಕ್ಲಾಸಿನಲ್ಲಿ ನೆಕ್ಸ್ಟ್‌ಇಂಟ್(1, 41) ಎಂದೂ ಬರೆಯಬಹುದು. ಅಲ್ಲಿಯೂ 41 ಸೇರುವುದಿಲ್ಲ. 40 ಬೇಕಾದರೆ 41 ಎಂದೇ ಬರೆಯಬೇಕು.

ಹತ್ತು ಸಲ ಒತ್ತಿ ನೋಡಿ ಸರಿಯಿದೆ ಎನ್ನಬೇಡಿ. ಲೂಪಿನಲ್ಲಿ 40,000 ಸಲ ಓಡಿಸಿ, ಯಾವ ನಂಬರ್ ಎಷ್ಟು ಸಲ ಬಂತೆಂದು ಲೆಕ್ಕವಿಡಿ. ಪ್ರತಿಯೊಂದೂ ಹೆಚ್ಚುಕಡಿಮೆ 1,000 ಸಲ ಬರಬೇಕು. ಮೊದಲನೆಯದನ್ನೂ ಕೊನೆಯದನ್ನೂ ತಪ್ಪದೆ ನೋಡಿ. ತಪ್ಪು ಅಡಗುವುದು ಅಂಚಿನಲ್ಲೇ.

ಕಂಪ್ಯೂಟರ್ ಪಕ್ಷಪಾತ ಮಾಡುವುದಿಲ್ಲ ಎನ್ನುತ್ತೇವೆ. ಆದರೆ ಬರೆಯುವವರು ಒಂದನ್ನು ಮರೆತರೆ, ಒಂದು ಮಗು ವರ್ಷವಿಡೀ ಕಾಯುತ್ತಾ ಕೂರುತ್ತದೆ. ಅಂದು ತಪ್ಪು ತಿದ್ದಿದ ಮೇಲೆ ನಾನು ಕಂಪ್ಯೂಟರಿಗೆ ಕಾಯದೆ 40ನೇ ನಂಬರನ್ನು ನಾನೇ ಕರೆದೆ. ಅವಳು ಸರಿಯಾದ ಉತ್ತರ ಕೊಟ್ಟಳು.