ಹತ್ತು ಪರ್ಸೆಂಟ್ ಟಿಕೆಟ್ಟಿನ ಪ್ರಯಾಣಿಕರು



2025ರ ಸೆಪ್ಟೆಂಬರ್ 19ರ ಶುಕ್ರವಾರ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಎಚ್-1ಬಿ ವೀಸಾದಲ್ಲಿ ಹೊಸಬರನ್ನು ಕರೆಸಿಕೊಳ್ಳುವ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 88 ಲಕ್ಷ ರೂಪಾಯಿ. ನಮಗೆ ಸುದ್ದಿ ತಲುಪುವ ಹೊತ್ತಿಗೆ ಶನಿವಾರ ಬೆಳಗಾಗಿತ್ತು. ರಜೆಗೆ ಊರಿಗೆ ಹೊರಟವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹತ್ತಿ ಕೂತ ವಿಮಾನದಿಂದ ಇಳಿಯುತ್ತಿರುವ ವಿಡಿಯೋಗಳು ಎಲ್ಲರ ಮೊಬೈಲಿಗೂ ಬಂದವು. ಒಂದು ದಿನ ಕಳೆದ ಮೇಲೆ ಸ್ಪಷ್ಟನೆ ಬಂತು: ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅಲ್ಲ.

ಆ ವಾರವೆಲ್ಲ ಚರ್ಚೆ ಆಗಿದ್ದು ಯಾವುದರ ಬಗ್ಗೆ? ಐಟಿ ಕಂಪನಿಗಳ ಷೇರು, ರೂಪಾಯಿ ಬೆಲೆ, ಬೆಂಗಳೂರಿಗೆ ಲಾಭವೋ ನಷ್ಟವೋ. ಎಲ್ಲ ಸರಿ. ಆದರೆ ಆ ವಿಮಾನಗಳಲ್ಲಿ ಅಮ್ಮನ ತೊಡೆಯ ಮೇಲೆ ಕೂತ ಮಕ್ಕಳೂ ಇದ್ದರಲ್ಲ? ಆ ಮಕ್ಕಳ ಬಗ್ಗೆ ಇವತ್ತು ಸ್ವಲ್ಪ ಮಾತಾಡೋಣ.

ಎರಡು ವರ್ಷ ತುಂಬದ ಮಗುವಿಗೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಪೂರ್ತಿ ಟಿಕೆಟ್ ಇಲ್ಲ. ಸಾಮಾನ್ಯವಾಗಿ ದೊಡ್ಡವರ ದರದ ಹತ್ತು ಪರ್ಸೆಂಟ್ ಕೊಟ್ಟರೆ ಸಾಕು, ಸೀಟು ಸಿಗಲ್ಲ, ತೊಡೆಯೇ ಸೀಟು. ಹೀಗೆ ಅತಿ ಕಡಿಮೆ ದುಡ್ಡು ಕೊಟ್ಟ ಈ ಪ್ರಯಾಣಿಕನದೇ ಅತಿ ಉದ್ದದ ಪ್ರಯಾಣ. ಅಪ್ಪ ಅಮ್ಮನದು ಒಂದೂವರೆ ದಿನದಲ್ಲಿ ಮುಗಿಯುತ್ತೆ. ಇವನದು ಇಪ್ಪತ್ತೊಂದು ವರ್ಷ ತುಂಬುವವರೆಗೂ ಮುಗಿಯದೇ ಇರಬಹುದು.

ಈ ಪ್ರಯಾಣ ಶುರುವಾಗೋದು ಏರ್‌ಪೋರ್ಟಲ್ಲಿ ಅಲ್ಲ, ನಗರಸಭೆಯ ಕೌಂಟರಲ್ಲಿ. ಮಗು ಹುಟ್ಟಿದಾಗ ಆಸ್ಪತ್ರೆಯಿಂದ ಹೋದ ಮಾಹಿತಿಯಲ್ಲಿ ಹೆಸರಿನ ಜಾಗ ಖಾಲಿ ಇರುತ್ತೆ, ಯಾಕಂದ್ರೆ ನಮ್ಮಲ್ಲಿ ನಾಮಕರಣ ಆಗೋದು ಆಮೇಲೆ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ ತಡವಾದ ಶುಲ್ಕ ಕಟ್ಟಿ ಸೇರಿಸಬೇಕು. ಎಷ್ಟೋ ಮನೆಗಳಲ್ಲಿ ಇದು ನೆನಪಾಗೋದೇ ಪಾಸ್‌ಪೋರ್ಟ್ ಅರ್ಜಿ ತುಂಬುವ ದಿನ.

ಪಾಸ್‌ಪೋರ್ಟಲ್ಲಿ ಇನ್ನೊಂದು ತಮಾಷೆ ಇದೆ. ನಮ್ಮ ಕಡೆ ಹೆಸರಿನ ಹಿಂದೆ ಊರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ ಆಗಿ ಕೂತಿರುತ್ತೆ. ಸರ್‌ನೇಮ್ ಕೇಳಿದರೆ ಖಾಲಿ ಬಿಟ್ಟು ಬರ್ತೀವಿ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರೀತಾರೆ. ಮೊದಲ ಹೆಸರು ಗೊತ್ತಿಲ್ಲ ಅನ್ನೋದರ ಸಂಕ್ಷಿಪ್ತ ರೂಪ ಅದು. ಶಾಲೆಯ ಮೊದಲ ದಿನ ಟೀಚರ್ ಹಾಜರಿ ಕೂಗಿದಾಗ ನಮ್ಮ ಮಗು ‘ಫ್ನು’ ಆಗಿಬಿಟ್ಟಿರುತ್ತೆ. ಪಾಸ್‌ಪೋರ್ಟ್ ಮಾಡಿಸುವ ದಿನವೇ ಎರಡೂ ಜಾಗ ತುಂಬಿದರೆ ತಪ್ಪಿಸಬಹುದಾದ ಕಷ್ಟ ಇದು.

ನಾನು ಇಂಜಿನಿಯರಿಂಗ್ ಓದಿದವನು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ‘ಗುಡ್ ಮಾರ್ನಿಂಗ್’ ದಿನಕ್ಕೆ ಎರಡು ಸಲ ಬರುತ್ತೆ, ಅರ್ಧ ಜನ ಆ ಕಡೆ ಇದ್ದಾರೆ. ಅವರಲ್ಲಿ ಒಬ್ಬ ದಾವಣಗೆರೆಯವನು. ಹೆಂಡತಿ, ನಾಲ್ಕು ವರ್ಷದ ಮಗಳು, ಹನ್ನೊಂದು ತಿಂಗಳ ಮಗನ ಜೊತೆ ಸಿಯಾಟಲ್‌ಗೆ ಹೊರಟ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್ ರಸ್ತೆ, ಅಲ್ಲಿಂದ ದೋಹಾಕ್ಕೆ ನಾಲ್ಕೂವರೆ ಗಂಟೆ, ಮಧ್ಯೆ ಕಾಯುವುದು, ಮತ್ತೆ ಹದಿನಾಲ್ಕು ಗಂಟೆ ಮೇಲೆ ಹಾರಾಟ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಮೂವತ್ತಾರು ಗಂಟೆ.

ಅವರನ್ನು ಕಳಿಸೋಕೆ ನಾನೂ ಹೋಗಿದ್ದೆ. ಟಿಕೆಟ್ ಇಲ್ಲದವರನ್ನು ಟರ್ಮಿನಲ್ ಒಳಗೆ ಬಿಡಲ್ಲ, ಗೊತ್ತಲ್ಲ. ಅಜ್ಜ ಅಜ್ಜಿ ಹೊರಗೇ ನಿಂತರು. ಸೂಟ್‌ಕೇಸ್ 23 ಕಿಲೋ ಮೀರಿದೆ ಅಂತ ಗೆಳೆಯ ಅಲ್ಲೇ ಕೂತು ಚಟ್ನಿಪುಡಿ ಡಬ್ಬ ತೆಗೆದು ಬ್ಯಾಕ್‌ಪ್ಯಾಕಿಗೆ ತುಂಬುತ್ತಿದ್ದ. ಆಗ ಮಗಳು ಕೇಳಿದಳು, “ಅಜ್ಜಿ ಯಾವ ಸ್ಟಾಪಲ್ಲಿ ಹತ್ತುತ್ತಾರೆ?” ಅವಳು ಅಲ್ಲಿವರೆಗೆ ಕಂಡಿದ್ದ ದೂರದ ಪ್ರಯಾಣ ಅಂದ್ರೆ ಕೆಂಪು ಬಸ್ಸು. ಬಸ್ಸಿನಲ್ಲಿ ಮುಂದಿನ ಸ್ಟಾಪಿನಲ್ಲಿ ಯಾರು ಬೇಕಾದರೂ ಹತ್ತಬಹುದು. ಯಾರೂ ಉತ್ತರ ಕೊಡಲಿಲ್ಲ. ಅಜ್ಜಿ ಅವಳ ಜಡೆ ಸರಿ ಮಾಡಿದರು.

ಮಕ್ಕಳಿಗೆ ವಿಮಾನದೊಳಗಿನ ಕಷ್ಟ ಬೇರೆ. ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕಿವಿ ನೋವಾಗುತ್ತೆ. ದೊಡ್ಡವರು ಎಂಜಲು ನುಂಗ್ತಾರೆ, ಆಕಳಿಸ್ತಾರೆ, ಸರಿಹೋಗುತ್ತೆ. ಕೂಸಿಗೆ ಅದು ಗೊತ್ತಿಲ್ಲ, ಹಾಲು ಕುಡಿಸುತ್ತಿದ್ದರೆ ಚೀಪಿ ನುಂಗುವಾಗ ಕಿವಿ ತೆರೆಯುತ್ತೆ. ಇನ್ನು ಬೇಸಿಗೆಯಲ್ಲಿ ಸಿಯಾಟಲ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಂದ್ರೆ ಹಗಲು ರಾತ್ರಿ ಪೂರ್ತಿ ಉಲ್ಟಾ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತೆ ಅಂತಾರೆ. ಒಂದೂವರೆ ವಾರ ರಾತ್ರಿ ಎರಡಕ್ಕೆ ಎದ್ದು “ಆಟಕ್ಕೆ ಹೋಗೋಣ” ಅನ್ನುವ ಮಗುವನ್ನು ಗದರಬೇಡಿ. ಅದರ ಲೆಕ್ಕದಲ್ಲಿ ಅದು ದಾವಣಗೆರೆಯ ಮಧ್ಯಾಹ್ನ.

ಅಲ್ಲಿ ಇಳಿದ ಮೇಲೆ ಮೊದಲ ಕೆಲಸ ಕಾರ್ ಸೀಟ್. ಇಲ್ಲಿ ಅಮ್ಮನ ತೊಡೆಯ ಮೇಲೆ ಕೂತು ಬಂದ ಕೂಸನ್ನು ಅಲ್ಲಿ ಹಾಗೆ ಕಾರಲ್ಲಿ ಕೂರಿಸಿದರೆ ಕಾನೂನು ಉಲ್ಲಂಘನೆ. ಎರಡನೇದು ಲಸಿಕೆ ಕಾರ್ಡು. ಅದಿಲ್ಲದೆ ಶಾಲೆಗೆ ಸೇರಿಸೋದು ಕಷ್ಟ. ನಮ್ಮ ಮಕ್ಕಳಿಗೆ ಹುಟ್ಟಿದಾಗಲೇ ಬಿಸಿಜಿ ಹಾಕಿರುತ್ತಾರೆ. ಅಮೆರಿಕದಲ್ಲಿ ಆ ಲಸಿಕೆ ಎಲ್ಲ ಮಕ್ಕಳಿಗೂ ಹಾಕಲ್ಲ. ಹಾಗಾಗಿ ಚರ್ಮದ ಮೇಲೆ ಕ್ಷಯದ ಪರೀಕ್ಷೆ ಮಾಡಿದರೆ, ಕಾಯಿಲೆಯೇ ಇಲ್ಲದ ನಮ್ಮ ಮಗುವಿಗೆ ಪಾಸಿಟಿವ್ ಬರಬಹುದು. ಗಾಬರಿ ಬೇಡ. ಬಿಸಿಜಿ ಹಾಕಿದೆ ಅಂತ ಹೇಳಿ, ರಕ್ತ ಪರೀಕ್ಷೆ ಸಾಧ್ಯವೇ ಅಂತ ಡಾಕ್ಟರನ್ನು ಕೇಳಿ. ಅದರ ಮೇಲೆ ಬಿಸಿಜಿ ಪರಿಣಾಮ ಬೀರಲ್ಲ.

ಇಷ್ಟೂ ಕಷ್ಟಕ್ಕೆ ಪರಿಹಾರ ಇದೆ. ನಿಜವಾದ ವಿಷಯ ಇನ್ನು ಮುಂದೆ.

ಅಪ್ಪನದೋ ಅಮ್ಮನದೋ ಎಚ್-1ಬಿ ಆದರೆ ಮಕ್ಕಳದು ಎಚ್-4, ಅವಲಂಬಿತರ ವೀಸಾ. ಸರ್ಕಾರಿ ಶಾಲೆಯಲ್ಲಿ ಓದಬಹುದು. ಹದಿನೇಳನೇ ವಯಸ್ಸಿಗೆ ಕ್ಲಾಸಿನ ಗೆಳೆಯರೆಲ್ಲ ಬೇಸಿಗೆಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ ಮಾಡಿದರೆ, ಈ ಹುಡುಗ ಮಾಡುವಂತಿಲ್ಲ. ಮನೆಯಲ್ಲಿ ದುಡಿಯುವವರ ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಲು ಹೆಚ್ಚೆಂದರೆ ಅರವತ್ತು ದಿನ. ಆ ಅರವತ್ತು ದಿನದ ಲೆಕ್ಕ ಇಡೀ ಕುಟುಂಬಕ್ಕೆ, ಶಾಲೆಯ ಪರೀಕ್ಷೆ ಮಧ್ಯದಲ್ಲಿ ಇರುವ ಮಗುವಿಗೂ.

ಗ್ರೀನ್ ಕಾರ್ಡ್ ಸಿಕ್ಕರೆ ಇದೆಲ್ಲ ಮುಗಿಯುತ್ತೆ. ಈಗ ಲೆಕ್ಕ ನೋಡಿ. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ 1,40,000. ಒಂದು ದೇಶದವರಿಗೆ ಏಳು ಪರ್ಸೆಂಟ್ ಮಿತಿ. ಅಂದ್ರೆ ಸುಮಾರು 9,800. ಪುಟ್ಟ ಐಸ್‌ಲ್ಯಾಂಡಿಗೂ ಏಳು ಪರ್ಸೆಂಟ್, ನೂರನಲವತ್ತು ಕೋಟಿಯ ಭಾರತಕ್ಕೂ ಏಳು ಪರ್ಸೆಂಟ್. ಬೇರೆಯವರು ಬಳಸದೇ ಉಳಿಸಿದ್ದು ಕೆಲವು ವರ್ಷ ಸ್ವಲ್ಪ ಸಿಗುತ್ತೆ, ಅಷ್ಟೇ. ಇದರಲ್ಲಿ ಹೆಂಡತಿ ಮಕ್ಕಳ ಲೆಕ್ಕವೂ ಸೇರಿದೆ. ನಾಲ್ಕು ಜನರ ಮನೆ ಅಂದ್ರೆ ನಾಲ್ಕು ಕಾರ್ಡ್. ಆದರೆ ಎಚ್-1ಬಿ ಪಡೆಯುವವರಲ್ಲಿ ಹತ್ತಕ್ಕೆ ಏಳು ಜನ ಭಾರತೀಯರು. ಚಿಕ್ಕ ನಲ್ಲಿ, ದೊಡ್ಡ ಕ್ಯೂ.

ಪರಿಣಾಮ ಏನು? 2025ರ ಕೊನೆಯಲ್ಲಿ, ನಮ್ಮ ಇಂಜಿನಿಯರುಗಳು ಹೆಚ್ಚಾಗಿ ನಿಲ್ಲುವ ಎರಡು ಸಾಲುಗಳಲ್ಲಿ ಸರದಿ ಬಂದಿದ್ದು 2013ರಲ್ಲಿ ಸಾಲು ಹಿಡಿದವರಿಗೆ. 2013ರಲ್ಲಿ ಎಂಟು ವರ್ಷದ ಮಗುವಿನ ಜೊತೆ ಸಾಲಿಗೆ ನಿಂತವರ ಮಗುವಿಗೆ 2025ರಲ್ಲಿ ಇಪ್ಪತ್ತು. ಮತ್ತೆ ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತೆ. 2002ರ ಒಂದು ಕಾನೂನು ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತೆ, ಹನ್ನೆರಡು ವರ್ಷದ ಕ್ಯೂ ಮುಂದೆ ಅದು ಸಾಲದು. ಆಮೇಲೆ ಆ ಹುಡುಗಿ ವಿದೇಶಿ ವಿದ್ಯಾರ್ಥಿಯಾಗಿ ವೀಸಾ ಬದಲಿಸಬೇಕು, ಇಲ್ಲ ತಾನು ಹುಟ್ಟಿದ ದೇಶಕ್ಕೆ ಒಬ್ಬಳೇ ಬರಬೇಕು. ವಿದ್ಯಾರ್ಥಿ ವೀಸಾ ಕೇಳುವಾಗ, ಓದು ಮುಗಿಸಿ ತಾಯ್ನಾಡಿಗೆ ವಾಪಸ್ ಹೋಗ್ತೀನಿ ಅಂತ ಹೇಳಬೇಕು. ಒಂದನೇ ಕ್ಲಾಸಿಂದ ಅಲ್ಲೇ ಓದಿದ ಹುಡುಗಿಗೆ ವಾಪಸ್ ಅಂದ್ರೆ ಎಲ್ಲಿಗೆ?

ಇಂಥ ಮಕ್ಕಳಿಗೆ ದಾರಿ ಮಾಡಿಕೊಡುವ ಮಸೂದೆ 2021ರಲ್ಲಿ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮಂಡನೆಯಾಯಿತು, ಎರಡೂ ಪಕ್ಷಗಳವರ ಸಹಿ ಇತ್ತು. ಕಾನೂನು ಆಗಲಿಲ್ಲ.

ಒಂದೇ ಮನೆಯಲ್ಲಿ ಎರಡು ಥರದ ಮಕ್ಕಳೂ ಇರ್ತಾರೆ. ಅಕ್ಕ ದಾವಣಗೆರೆಯಲ್ಲಿ ಹುಟ್ಟಿದವಳು, ಎಚ್-4. ಹೋದ ಮೇಲೆ ಹುಟ್ಟಿದ ತಮ್ಮ ಅಮೆರಿಕದ ಪ್ರಜೆ. ಒಂದೇ ಊಟದ ಮೇಜು, ಒಂದೇ ಶಾಲೆ. ಕಾಲೇಜಿನ ವಯಸ್ಸು ಬಂದಾಗ ಅವನಿಗೆ ಸರ್ಕಾರದ ಸಹಾಯಧನ ಕೇಳುವ ಹಕ್ಕಿದೆ, ಅವಳಿಗೆ ಇಲ್ಲ. ಅಲ್ಲೇ ಹುಟ್ಟಿದ ಮಕ್ಕಳ ಪೌರತ್ವವನ್ನೂ ಮೊಟಕು ಮಾಡುವ ಆದೇಶ 2025ರ ಜನವರಿಯಲ್ಲಿ ಹೊರಟು ಕೋರ್ಟ್ ಮೆಟ್ಟಿಲೇರಿತು.

ನಮ್ಮ ಕಡೆಯ ಬಾಗಿಲೂ ಪೂರ್ತಿ ತೆರೆದಿಲ್ಲ. ಭಾರತದಲ್ಲಿ ಎರಡು ಪೌರತ್ವ ಇಲ್ಲ. ಅಲ್ಲಿನ ಪ್ರಜೆಯಾದ ಮಗುವಿಗೆ ಒಸಿಐ ಕಾರ್ಡ್ ಕೊಡ್ತೀವಿ, ಬರಬಹುದು, ಇರಬಹುದು. ವೋಟು ಇಲ್ಲ, ಅಜ್ಜನ ಊರಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಆರನೇ ಕ್ಲಾಸಿಗೆ ವಾಪಸ್ ಕರೆತಂದರೆ ಕರ್ನಾಟಕದ ಶಾಲೆಯಲ್ಲಿ ಕನ್ನಡ ಓದಬೇಕು, ಅದು ಸರಿಯಾದ ಕಾನೂನೇ. ಆದರೆ ಅಕ್ಷರ ಕಲಿಯದೆ ಬಂದ ಮಗು ಅವತ್ತು ಕ್ಲಾಸಿನಲ್ಲಿ ಎಲ್ಲರಿಗಿಂತ ಹಿಂದೆ ಕೂರುತ್ತೆ. ಅಲ್ಲಿನ ಕನ್ನಡ ಕೂಟಗಳು ವಾರಾಂತ್ಯದಲ್ಲಿ ಕನ್ನಡ ತರಗತಿ ನಡೆಸ್ತವೆ. ಅದನ್ನು ಸಂಸ್ಕೃತಿಯ ಅಲಂಕಾರ ಅಂದುಕೊಂಡು ಕಳಿಸುವವರು ಇದ್ದಾರೆ. ನನ್ನ ಪ್ರಕಾರ ಅದೊಂದು ವಿಮೆ. ಯಾವ ದೇಶದ ಬಾಗಿಲು ಮುಚ್ಚಿದರೂ ಇನ್ನೊಂದು ಕಡೆ ಮಗು ಮೂಕನಾಗದಿರಲಿ ಅಂತ.

ಹಾಗಾದ್ರೆ ಹೋಗಲೇಬಾರದಾ? ಹಾಗೆ ಹೇಳೋಕೆ ನಾನು ಯಾರು? ಒಳ್ಳೆ ಸಂಬಳ, ಒಳ್ಳೆ ಗಾಳಿ, ಮಗಳು ಭಯ ಇಲ್ಲದೆ ಸೈಕಲ್ ಹೊಡೆಯುವ ಬೀದಿ, ಇವೆಲ್ಲ ಬಯಸೋದು ತಪ್ಪಲ್ಲ. ‘ದೇಶ ಬಿಟ್ಟು ಹೋದರು’ ಅಂತ ಟಿವಿ ಮುಂದೆ ಕೂತು ಬೈಯೋದು ಸುಲಭ. ಊರಲ್ಲಿ ಹೊಸ ಮನೆ ಕಟ್ಟಿದ್ದು ಎಷ್ಟೋ ಸಲ ಹೋದವರ ದುಡ್ಡಿನಿಂದಲೇ.

ನನ್ನ ಮಾತು ಇಷ್ಟೇ. ಆಫರ್ ಲೆಟರ್ ಬಂದಾಗ ನಾವು ಸಂಬಳವನ್ನು ರೂಪಾಯಿಗೆ ಗುಣಿಸಿ ನೋಡ್ತೀವಿ. ಅದೇ ಹಾಳೆಯ ಹಿಂದೆ ಮಕ್ಕಳ ವಯಸ್ಸನ್ನೂ ಬರೆಯಿರಿ. ಮಗು ಹತ್ತಾದಾಗ ಏನು, ಹದಿನೆಂಟಾದಾಗ ಏನು, ಇಪ್ಪತ್ತೊಂದಾದಾಗ ಎಲ್ಲಿ? ಗ್ರೀನ್ ಕಾರ್ಡ್ ಅರ್ಜಿ ಯಾವ ವರ್ಷ ಹಾಕ್ತೀರಿ ಅಂತ ಕಂಪನಿಯನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಯಾಕಂದ್ರೆ ಕ್ಯೂನಲ್ಲಿ ನಿಮ್ಮ ಜಾಗ ನಿಗದಿಯಾಗೋದು ಆ ದಿನದಿಂದ. ಒಂದು ವರ್ಷ ತಡ ಮಾಡಿದರೆ ಅದು ಮಗುವಿನ ಇಪ್ಪತ್ತೊಂದರಿಂದ ಕಳೆಯುವ ವರ್ಷ. ಮತ್ತೆ ಮಗು ದೊಡ್ಡದಾದಂತೆ ಅದಕ್ಕೂ ಹೇಳಿ. ಹದಿಮೂರು ವರ್ಷದ ಮಗುವಿಗೆ ತನ್ನ ವೀಸಾ ಯಾವುದು ಅಂತ ಗೊತ್ತಿರಬೇಕು. ಕಾಲೇಜು ಅರ್ಜಿ ತುಂಬುವಾಗ ಕಂಪ್ಯೂಟರ್ ಮುಂದೆ ಕೂತು ಮೊದಲ ಸಲ ತಿಳಿಯೋ ವಿಷಯ ಅಲ್ಲ ಅದು.

ಟಿಕೆಟ್ ತೊಗೊಂಡವರು ನಾವು. ಕೂಸನ್ನು ಯಾರೂ ಕೇಳಲಿಲ್ಲ, ಕೇಳೋಕೆ ಆಗೋದೂ ಇಲ್ಲ. ಕೇಳದೆ ಕರೆದುಕೊಂಡು ಹೋಗುವವರ ಮೇಲೆ ಲೆಕ್ಕ ಸರಿಯಾಗಿ ಹಾಕುವ ಜವಾಬ್ದಾರಿ ಎರಡರಷ್ಟು.

ಮಕ್ಕಳು ಮರಿ ಕಟ್ಟಿಕೊಂಡು ಇವತ್ತು ರಾತ್ರಿ ದೇವನಹಳ್ಳಿ ಕಡೆ ಹೊರಟಿರುವ ಎಲ್ಲ ಮನೆಗಳಿಗೂ ಒಳ್ಳೆಯದಾಗಲಿ. ಲಸಿಕೆ ಕಾರ್ಡ್ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿನಲ್ಲಿ ಬೇಡ.