ಕೊನೆಗಳಿಗೆಯಲ್ಲಿ ಸೋತವನು ದ್ರೋಹಿಯೇ?



ಪುಸ್ತಕ ಓದಿ ಮುಗಿಸಿದ ಸಿಟ್ಟಿನಲ್ಲಿ ನೇರವಾಗಿ ಲೇಖಕನಿಗೇ ಕಾಗದ ಬರೆಯುವ ಓದುಗರು ಎಲ್ಲ ಕಾಲದಲ್ಲೂ ಇದ್ದಾರೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಆಕ್ಸ್‌ಫರ್ಡ್ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್ ಅವರಿಗೂ ಅಂಥದೊಂದು ಖಾರವಾದ ಕಾಗದ ಬಂದಿತ್ತು. ಕಥಾನಾಯಕ ಫ್ರೋಡೊನನ್ನು ಸನ್ಮಾನಿಸಿದ್ದೇ ತಪ್ಪು, ದ್ರೋಹಿಯೆಂದು ಅವನಿಗೆ ಮರಣದಂಡನೆ ವಿಧಿಸಬೇಕಿತ್ತು ಎಂಬುದು ಅದರ ಸಾರ.

ಇಷ್ಟೊಂದು ಸಿಟ್ಟೇಕೆ? ಟೋಲ್ಕಿನ್ ಒಂದೇ ಗ್ರಂಥವಾಗಿ ಬರೆದದ್ದನ್ನು ಪ್ರಕಾಶಕರು ಖರ್ಚಿಗೆ ಹೆದರಿ ಮೂರು ಸಂಪುಟಗಳಾಗಿ ಒಡೆದರು. ಮೊದಲೆರಡು 1954ರ ಜುಲೈ ಮತ್ತು ನವೆಂಬರಿನಲ್ಲಿ ಬಂದವು. ಎರಡನೆಯದು ಮುಗಿಯುವಾಗ ಫ್ರೋಡೊ ಶತ್ರುಗಳ ಸೆರೆಯಲ್ಲಿದ್ದ. ಅನುಬಂಧಗಳು ಸಿದ್ಧವಾಗದೆ ಮೂರನೆಯ ಸಂಪುಟ ತಡವಾಗಿ, 1955ರ ಅಕ್ಟೋಬರ್ 20ರಂದು ಹೊರಬಂತು. ಓದುಗರು ಸುಮಾರು ಹನ್ನೊಂದು ತಿಂಗಳು ಕಾದಿದ್ದರು.

ಹಾಗೆ ಕಾದವರಿಗೆ ಸಿಕ್ಕಿದ ಅಂತ್ಯವೇನು? ಲೋಕಕಂಟಕವಾದ ಉಂಗುರವನ್ನು ಅಗ್ನಿಪರ್ವತದ ಬಾಯಿಗೆ ಎಸೆಯಬೇಕಾದ ಫ್ರೋಡೊ, ಅಂಚಿನಲ್ಲಿ ನಿಂತು ‘ಇದು ನನ್ನದು’ ಎಂದುಬಿಡುತ್ತಾನೆ! ಹಿಂದೆ ಅವನೇ ಕರುಣೆಯಿಂದ ಬದುಕಲು ಬಿಟ್ಟಿದ್ದ ಗೊಲಮ್, ಅವನ ಬೆರಳನ್ನು ಉಂಗುರದ ಸಮೇತ ಕಚ್ಚಿ ಕಿತ್ತು, ಆಯತಪ್ಪಿ ಬೆಂಕಿಗೆ ಬೀಳುತ್ತಾನೆ. ಲೋಕ ಉಳಿಯಿತು ನಿಜ. ಆದರೆ ಅದು ನಾಯಕನ ಸಂಕಲ್ಪದಿಂದಲ್ಲ.

ನಾಯಕ ಸೋತದ್ದನ್ನು ಟೋಲ್ಕಿನ್ ಮುಚ್ಚಿಡಲಿಲ್ಲ. 1981ರಲ್ಲಿ ಪುಸ್ತಕವಾಗಿ ಬಂದ ಅವರ ಪತ್ರಗಳಲ್ಲಿ ಇದಕ್ಕೆ ಉತ್ತರವಿದೆ. ಆ ಜಾಗದಲ್ಲಿ ಆ ಉಂಗುರದ ಸೆಳೆತವನ್ನು ಯಾರಿಂದಲೂ ತಡೆಯಲಾಗುತ್ತಿರಲಿಲ್ಲ; ಫ್ರೋಡೊ ತನ್ನ ಶಕ್ತಿಯ ಕೊನೆಯ ಹನಿಯವರೆಗೂ ಹೊತ್ತು ತಂದ; ಉಳಿದದ್ದನ್ನು ಅವನು ಹಿಂದೆ ತೋರಿದ ಕರುಣೆಯೇ ನೆರವೇರಿಸಿತು. ಬಂಡೆಯಡಿ ಸಿಕ್ಕಿ ಮೈ ಜಜ್ಜಿಹೋದವನನ್ನು ಯಾರೂ ತಪ್ಪಿತಸ್ಥನೆನ್ನುವುದಿಲ್ಲ. ಹಾಗಿರುವಾಗ ಮನಸ್ಸು ಮುರಿದವನನ್ನು ಅನ್ನುವುದೇಕೆ ಎಂಬುದು ಅವರ ವಾದ.

ಈ ಮಾತು ಬರೀ ಕಲ್ಪನಾಲೋಕದ್ದಲ್ಲ. ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿದ್ದವರು. ಆ ಮಹಾಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನಾ ನ್ಯಾಯಾಲಯಗಳು ತಮ್ಮ ಪಡೆಯವರನ್ನೇ ಗುಂಡಿಕ್ಕಿಸಿ ಕೊಲ್ಲಿಸಿದವು. ಅವರಲ್ಲಿ ಎಷ್ಟೋ ಮಂದಿ ಶೆಲ್ ದಾಳಿಯ ಆಘಾತಕ್ಕೆ ಸಿಕ್ಕಿ ಮನಸ್ಸು ಕೆಟ್ಟವರೆಂಬ ಕೂಗು ದಶಕಗಳ ಕಾಲ ಕೇಳಿಬಂತು. ಕಡೆಗೆ 306 ಸೈನಿಕರಿಗೆ ಬ್ರಿಟನ್ ಮರಣೋತ್ತರ ಕ್ಷಮಾದಾನ ನೀಡಿದ್ದು 2006ರಲ್ಲಿ, ತೊಂಬತ್ತು ವರ್ಷಗಳ ನಂತರ.

ಕಾದಂಬರಿಯಲ್ಲಿ ಫ್ರೋಡೊನಿಗೆ ಶಿಕ್ಷೆಯಾಗುವುದಿಲ್ಲ, ನೆಮ್ಮದಿಯೂ ಸಿಗುವುದಿಲ್ಲ. ತಾನೇ ಉಳಿಸಿಕೊಟ್ಟ ಊರಿನಲ್ಲಿ ಬಾಳಲಾಗದೆ ಕೊನೆಗೆ ಹಡಗು ಹತ್ತುತ್ತಾನೆ. ಆ ಓದುಗರು ಬೆಟ್ಟದ ತುದಿಯ ಒಂದು ಗಳಿಗೆಯನ್ನಷ್ಟೇ ನೋಡಿದರು. ಅಲ್ಲಿಯವರೆಗೆ ಅವನು ಭಾರ ಹೊತ್ತು ನಡೆದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?